ಕಪ್ಪು ನಾಲ್ಕು, ಬಿಳಿ ನಾಲ್ಕು

ಹುತ್ತರಿಗೆ ಊರಿಗೆ ಬಂದಿದ್ದ ನನ್ನ ಸೋದರಳಿಯ ಈ ಸಲ ಅಟ್ಟ ಹತ್ತಿದ. ಕದಿರು ತೆಗೆದ ಮಾರನೆಯ ದಿನ ಅವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ, ಕಾಳುಮೆಣಸಿನ ಹಳೆಯ ಚೀಲಗಳ ಹಿಂದೆ, ಹೊಗೆ ಹಿಡಿದು ಕಪ್ಪಾದ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಒಳಗೆ ನಾಲ್ಕು ಕ್ಯಾಸೆಟ್. ಮೂರಕ್ಕೆ ಬೂಷ್ಟು ಹಿಡಿದು ಟೇಪಿನ ಅಂಚು ಸುಣ್ಣ ಬಳಿದಂತಾಗಿತ್ತು. ಭಾಗಮಂಡಲಕ್ಕೆ ಹೋಗುವ ದಾರಿಯ ನಮ್ಮ ಊರುಗಳಲ್ಲಿ ಮಳೆಗಾಲ ಬಂದರೆ ಚಪ್ಪಲಿಗೂ ಬೂಷ್ಟು, ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು. ಕ್ಯಾಸೆಟ್ ಯಾವ ಲೆಕ್ಕ? ನಾಲ್ಕನೆಯದು ಮಾತ್ರ ಹೇಗೋ ಬದುಕಿಕೊಂಡಿತ್ತು. ಅದರ ಮೇಲೆ ನನ್ನ ತಮ್ಮನ ಕೈಬರಹ: ‘ಅಕ್ಕನ ಮದುವೆ, 1986’.

ನಮ್ಮಿಬ್ಬರ ಅಕ್ಕನ ಮದುವೆ ಅದು. ಆ ವರ್ಷ ನನಗೆ 22. ಸೈನ್ಯದಲ್ಲಿದ್ದ ಚಿಕ್ಕಪ್ಪ ರಜೆಯಲ್ಲಿ ಬರುವಾಗ ಟೇಪ್ ರೆಕಾರ್ಡರ್ ತಂದಿದ್ದರು. ಮಡಿಕೇರಿಯಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದು 1993ರಲ್ಲಿ. ಅದಕ್ಕೆ ಮೊದಲು, ಪೆಟ್ಟಿಗೆಯೊಳಗಿಂದ ಬರುವ ದನಿ ಎಂದರೆ ಮೈಸೂರಿನದೋ ಮಂಗಳೂರಿನದೋ ಆಗಿರಬೇಕು, ನಮ್ಮದಂತೂ ಅಲ್ಲ ಎಂದೇ ತಿಳಿದಿದ್ದೆವು. ಚಪ್ಪರದ ದಿನ ಚಿಕ್ಕಪ್ಪ ಗುಂಡಿ ಒತ್ತಿ “ಈಗ ಹಾಡಿ” ಎಂದಾಗ ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರಂತೆ, ಫೋಟೋ ತೆಗೆಯುತ್ತಾರೆ ಎನ್ನುವ ಹಾಗೆ. ಇದು ತಮ್ಮ ಹೇಳುವ ಕಥೆ. ನನಗೆ ನೆನಪಿರುವುದು ಬ್ಯಾಟರಿಯ ಜಗಳ. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಬ್ಯಾಟರಿ ಮುಗಿಯುತ್ತದೆಂದು ಚಿಕ್ಕಪ್ಪ ಹಾಡು ಹಾಡಿನ ನಡುವೆ ಯಂತ್ರ ನಿಲ್ಲಿಸುತ್ತಿದ್ದರು, ಮತ್ತೆ ಶುರು ಮಾಡುವಾಗ ಮೊದಲ ಸಾಲು ತಪ್ಪಿಹೋಗುತ್ತಿತ್ತು, ಅಜ್ಜಿ ಬಯ್ಯುತ್ತಿದ್ದರು.

ಸೋದರಳಿಯ ಯಾರದೋ ಮನೆಯಿಂದ ಹಳೆಯ ಟೇಪ್ ರೆಕಾರ್ಡರ್ ಹುಡುಕಿ ತಂದು ಅದಕ್ಕೆ ತನ್ನ ಕಂಪ್ಯೂಟರನ್ನು ಜೋಡಿಸಿದ. ಮೊದಲ ಹಾಡು ಬಂದದ್ದೇ ಮನೆಮಂದಿಯೆಲ್ಲ ನಕ್ಕುಬಿಟ್ಟೆವು. ಗಿಳಿಗಳ ಸಂತೆ! ಅಜ್ಜಿಯ ದನಿ ಹದಿನಾರರ ಹುಡುಗಿಯದು. ನನ್ನದು ಇನ್ನೂ ಹಾಲುಹಲ್ಲು ಬೀಳದ ಮಗುವಿನದು. ಕಾರಣ ಸರಳ, ಸೋದರಳಿಯನೇ ವಿವರಿಸಿದ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅಂದು ಬ್ಯಾಟರಿ ಸೋತು ಅದು ನಿಧಾನವಾಗಿ ಓಡಿದೆ. ನಿಧಾನವಾಗಿ ಹಿಡಿದದ್ದನ್ನು ಇಂದು ಸರಿಯಾದ ವೇಗದಲ್ಲಿ ಬಿಟ್ಟರೆ ಎಲ್ಲರೂ ಎಳಸಾಗುತ್ತಾರೆ. “ಎಷ್ಟು ತಗ್ಗಿಸಬೇಕು ಎಂದು ಗೊತ್ತಾದರೆ ಸರಿಮಾಡಬಹುದು, ಅತ್ತೆ. ಆದರೆ ಗೊತ್ತಾಗುವುದು ಹೇಗೆ?”

ಅದು ಗೊತ್ತಾಗುವ ಸಾಮಾನು ನಮ್ಮೂರಿನಲ್ಲಿತ್ತು. ಆ ಕ್ಯಾಸೆಟ್ಟಿನ ಮೊದಲ ಅರ್ಧದಲ್ಲಿ ಭಜನೆಯಿದೆ, ಭಜನೆಗೆ ಹಾರ್ಮೋನಿಯಂ ಇದೆ. ಅದೇ ಹಾರ್ಮೋನಿಯಂ ಇಂದಿಗೂ ನಮ್ಮ ಭಜನಾ ಮಂದಿರದಲ್ಲಿದೆ, ಅಂದು ನುಡಿಸಿದವರೇ ಇಂದಿಗೂ ನುಡಿಸುತ್ತಾರೆ. ತೋಟದ ಆಚೆಗೆ ಮನೆಯಿರುವ ಅವರನ್ನು ನಾವು ಮಾವ ಎನ್ನುತ್ತೇವೆ. ರಕ್ತಸಂಬಂಧ ಏನೂ ಇಲ್ಲ. ಅಪ್ಪನ ಜೊತೆ ಓಡಾಡಿಕೊಂಡಿದ್ದವರು. ಈಗ 79. ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಲು ಆಗದ್ದರಿಂದ ಸೋದರಳಿಯನೇ ಹೊತ್ತು ತಂದ. ಮಾವ ಕೋಲೂರಿಕೊಂಡು ಹಿಂದಿನಿಂದ ಬಂದರು, ಕಂಕುಳಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ.

ಹಾರ್ಮೋನಿಯಂನ ಪಟ್ಟಿಗಳಿಗೆ ನಮ್ಮಲ್ಲಿ ಮನೆ ಎನ್ನುತ್ತಾರೆ. ಕಪ್ಪು ಮನೆ, ಬಿಳಿ ಮನೆ. ಎರಡನ್ನೂ ಬೇರೆಬೇರೆಯಾಗಿ ಎಡದಿಂದ ಎಣಿಸುತ್ತಾರೆ, ಎಡಕ್ಕೆ ಸರಿದಷ್ಟೂ ಶ್ರುತಿ ಇಳಿಯುತ್ತದೆ. ಟೇಪಿನಲ್ಲಿ ಕೇಳುತ್ತಿದ್ದ ಶ್ರುತಿ ಕಪ್ಪು ಐದಕ್ಕೆ ಕೂಡುತ್ತಿತ್ತು. ಮಾವ ತಲೆಯಾಡಿಸಿದರು. “ನೀನು ಆಗ ಹಾಡುತ್ತಿದ್ದದ್ದು ಕಪ್ಪು ನಾಲ್ಕರಲ್ಲಿ” ಎಂದು ನನ್ನತ್ತ ನೋಡಿ ಹೇಳಿ ಆ ಮನೆಯನ್ನು ಒತ್ತಿಹಿಡಿದರು. ಕಪ್ಪು ಐದರಿಂದ ಕಪ್ಪು ನಾಲ್ಕಕ್ಕೆ ಎರಡು ಸ್ವರಸ್ಥಾನ. ಒಂದು ಸ್ವರಸ್ಥಾನ ಇಳಿಯಬೇಕಾದರೆ ವೇಗ ಸುಮಾರು 6 ಪ್ರತಿಶತ ತಗ್ಗಬೇಕು. ಸೋದರಳಿಯ ಅಜ್ಜಿಯ ಸೋಬಾನೆಯನ್ನು ಹಾಕಿ ಒಂದೊಂದೇ ಪ್ರತಿಶತ ಇಳಿಸುತ್ತ ಹೋದ. ಹದಿನಾರರ ಹುಡುಗಿಗೆ ಮೂವತ್ತಾಯಿತು. ಮಕ್ಕಳಾದವು. ದನಿಗೆ ಸ್ವಲ್ಪ ತೂಕ ಬಂತು, ಆಮೇಲೆ ಸ್ವಲ್ಪ ಮರಳು ಬಂತು. 11 ಪ್ರತಿಶತಕ್ಕೆ ನಿಂತಾಗ ಉಸಿರಿನ ಸದ್ದು ಹಾಡಿಗಿಂತ ಅರೆಕ್ಷಣ ಮೊದಲೇ ಕೇಳುತ್ತಿತ್ತು, ಹಲ್ಲಿಲ್ಲದ ಬಾಯಿಯ ‘ಸೋ’ ಅರ್ಧ ‘ಹೋ’ ಆಗಿತ್ತು. ಅದು ನನ್ನ ಅಜ್ಜಿ. ಒಲೆಯ ಮುಂದೆ ಕುಳಿತಿದ್ದ ತಮ್ಮ ಎದ್ದು ಹೊರಗೆ ಹೋದ.

ನಾನೇನೂ ಅಳಲಿಲ್ಲ. ನನಗೆ ನನ್ನ ಸರದಿಯ ಆತುರ. ಅದೇ ಟೇಪಿನಲ್ಲಿ ನಾನು ಹಾಡಿದ ಭಜನೆ ಬಂದಾಗ, ಜೊತೆಗೆ ಹಾಡುತ್ತೇನೆ ನೋಡಿ ಎಂದೆ. ಇಂದಿಗೂ ಪ್ರತಿ ಶುಕ್ರವಾರ ಹಾಡುವ ಭಜನೆಯೇ, ಅದೇ ಶ್ರುತಿಯೇ. ಚರಣ ಮೇಲಕ್ಕೆ ಹೋಯಿತು. ಟೇಪಿನೊಳಗಿನ ಹುಡುಗಿ ಮೆಟ್ಟಿಲು ಹತ್ತುವ ಹಾಗೆ ಹತ್ತಿಹೋದಳು. ನಾನು ಕೆಳಗೇ ಉಳಿದೆ. ನೆಗಡಿ ಎಂದೆ. ಇನ್ನೊಮ್ಮೆ ಹಾಕಿಸಿದೆ. ಇನ್ನೊಮ್ಮೆಯೂ ಅಷ್ಟೆ. ಎರಡೇ ದಿನದ ಹಿಂದೆ ಭಜನೆಯಲ್ಲಿ ಇದೇ ಚರಣವನ್ನು ಸಲೀಸಾಗಿ ಹಾಡಿದ್ದೆನಲ್ಲ?

ಮಾವ ಏನೂ ಹೇಳದೆ ಲೆಕ್ಕದ ಪುಸ್ತಕವನ್ನು ನನ್ನ ಕಡೆಗೆ ತಳ್ಳಿದರು.

ಮೊದಲಿನ ಕೆಲವು ಹಾಳೆಗಳಲ್ಲಿ ಎಣ್ಣೆ, ಊದುಬತ್ತಿ, ಅವಲಕ್ಕಿ, ಬೆಲ್ಲದ ಲೆಕ್ಕ. ಆಮೇಲೆ ಹಾಡುವವರ ಹೆಸರು, ಪ್ರತಿಯೊಬ್ಬರ ಮುಂದೆ ಅವರ ಶ್ರುತಿ, ಎಲ್ಲ ಸೀಸದ ಕಡ್ಡಿಯಲ್ಲಿ. ನನ್ನ ಹೆಸರಿನ ಮುಂದೆ ‘ಕಪ್ಪು 4’. ಅದರ ಮೇಲೆ ತೆಳುವಾಗಿ ಗೀಟು. ಪಕ್ಕದಲ್ಲಿ ‘ಬಿಳಿ 5 – 2003’. ಅದಕ್ಕೂ ಗೀಟು, ‘ಕಪ್ಪು 3 – 2012’. 2018ರ ಆಗಸ್ಟ್ ತಿಂಗಳಿಗೆ ಎಲ್ಲ ಹೆಸರುಗಳ ಮೇಲೂ ಅಡ್ಡಲಾಗಿ ‘ಮಳೆ. ಭಜನೆ ಇಲ್ಲ’ ಎಂದು ಬರೆದಿದ್ದರು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ತಿಂಗಳು ಅದು. ನಮ್ಮಲ್ಲಿ ಯಾರಿಗೂ ಹಾಡು ನೆನಪಾಗಿರಲಿಲ್ಲ. ಮತ್ತೆ ಶುರುವಾದಾಗ ನನ್ನ ಹೆಸರಿನ ಮುಂದೆ ‘ಬಿಳಿ 4’.

ಎಂದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮನುಷ್ಯ ನನಗೆ ಗೊತ್ತಾಗದ ಹಾಗೆ ನನ್ನ ಶ್ರುತಿಯನ್ನು ಇಳಿಸುತ್ತ ಬಂದಿದ್ದಾರೆ. ನಾನು ಕಣ್ಣು ಮುಚ್ಚಿ ಹಾಡುವವಳು. ಅವರ ಬೆರಳು ಎಲ್ಲಿದೆ ಎಂದು ಯಾವತ್ತೂ ನೋಡಿದವಳಲ್ಲ. ನನ್ನ ದನಿ ಇನ್ನೂ ಹಾಗೆಯೇ ಇದೆಯಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ನನ್ನ ವಾರಗೆಯ ಹೆಂಗಸರಿಗೆ ಬುದ್ಧಿವಾದವನ್ನೂ ಹೇಳಿದ್ದುಂಟು: ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯಿರಿ, ದಿನಾ ಸಾ ಹಿಡಿಯಿರಿ, ನನ್ನನ್ನು ನೋಡಿ. 60ಕ್ಕೆ ನಿವೃತ್ತಿಯಾಗುವವರೆಗೆ ಶಾಲೆಯಲ್ಲಿ ಮಕ್ಕಳಿಗೆ ಶ್ರುತಿ ತಪ್ಪಿತು ಎಂದು ಕಿವಿ ಹಿಂಡಿದ ಮೇಡಂ ನಾನು. ಎರಡು ದಿನ ಮಾವನ ಮೇಲೆ ಸಿಟ್ಟಿತ್ತು. ಮೂರನೆಯ ದಿನ, ಅವರು ಸುಳ್ಳೇನೂ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ ಅಷ್ಟೆ ಎಂದುಕೊಂಡೆ. ಸಿಟ್ಟು ಪೂರ್ತಿ ಹೋಗಿದೆ ಎಂದು ಈಗಲೂ ಹೇಳಲಾರೆ.

ಆ ಪುಸ್ತಕವನ್ನು ಮನೆಗೆ ಎರವಲು ತಂದು ಓದಿದೆ. ಇಂಥ ಓದು ಇನ್ನೊಂದಿಲ್ಲ. ಹೆಂಗಸರ ಸಾಲುಗಳೆಲ್ಲ ಕೆಳಮುಖ. ಗಂಡಸರಲ್ಲಿ ಕೆಲವರದು ಮೇಲ್ಮುಖ! ಕಪ್ಪು ಒಂದರಲ್ಲಿ ಗುಡುಗುತ್ತಿದ್ದ ಒಬ್ಬರು ಎಪ್ಪತ್ತೈದು ದಾಟಿದ ಮೇಲೆ ಬಿಳಿ ಮೂರಕ್ಕೆ ಬಂದು ನಿಂತಿದ್ದಾರೆ. ಇದು ಮಾವನ ಬರಹದ ತಪ್ಪಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಗಂಟಲಿನ ಸ್ವರತಂತುಗಳು ದಪ್ಪಗಾಗಿ ದನಿ ಕೆಳಗಿಳಿಯುತ್ತದೆ. ಗಂಡಸರಲ್ಲಿ ವಯಸ್ಸಾದಂತೆ ಅವೇ ತಂತುಗಳು ಸೊರಗಿ ತೆಳುವಾಗಿ ದನಿ ಕೀರಲಾಗಿ ಮೇಲಕ್ಕೆ ಹೋಗುತ್ತದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಟ್ಟಿಯಾಗಿ ಮೂಳೆಯಂತಾಗುವುದು, ಶ್ವಾಸಕೋಶದ ಕಸುವು ತಗ್ಗುವುದು ಇಬ್ಬರಿಗೂ ಸಮ. ಹೀಗೆ ಇಬ್ಬರೂ ಎದುರುಬದುರು ನಡೆದು ಬಂದು ಎಲ್ಲೋ ನಡುವೆ ಭೇಟಿಯಾಗುತ್ತಾರೆ. ಟೇಪಿನಲ್ಲಿ ಅಜ್ಜಿಯ ದನಿ ಕೇಳಿ ಸೋದರಳಿಯ “ಇದು ಅಜ್ಜನದ್ದಾ?” ಎಂದು ಕೇಳಿದ್ದಕ್ಕೆ ನಾನು ಗದರಿದ್ದೆ. ಗದರಬಾರದಿತ್ತು.

ಬಸವಣ್ಣನವರ ಮುಪ್ಪಿನ ವಚನವನ್ನು ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೇನೋ. ಕೆನ್ನೆ, ಗಲ್ಲ, ಹಲ್ಲು, ಬೆನ್ನು, ಕೈ, ಕಾಲು ಒಂದೊಂದಾಗಿ ಬರುತ್ತವೆ. ಗಂಟಲು ಬರುವುದಿಲ್ಲ. ಈಗ ಯೋಚಿಸಿದರೆ ಅದೂ ಸರಿಯೇ ಎನಿಸುತ್ತದೆ. ನರೆಯನ್ನು ಕನ್ನಡಿ ತೋರಿಸುತ್ತದೆ, ದನಿಗೆ ಕನ್ನಡಿಯಿಲ್ಲ. ನಾವು ನಮ್ಮ ದನಿಯನ್ನು ತಲೆಬುರುಡೆಯ ಒಳಗಿನಿಂದ ಕೇಳುವವರು. ಒಳಗೆ ಅದು ಎಂದೂ 22 ದಾಟುವುದಿಲ್ಲ.

ಕನ್ನಡ ನಾಡಿನಲ್ಲಿ ಎರಡು ದನಿಗಳನ್ನು ಬಾಳಿದವರೆಂದರೆ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮೊದಮೊದಲ ಧ್ವನಿಮುದ್ರಿಕೆಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಹೋಗಿ ನಾವೆಲ್ಲ ಬಲ್ಲ ಆ ಗಂಡುದನಿ ಬಂತು. ಹೋದದ್ದನ್ನು ಹುಡುಕುತ್ತ ಕೂರದೆ ಅವರು ಬಂದದ್ದರಲ್ಲೇ 2006ರವರೆಗೆ, ತೊಂಬತ್ತು ದಾಟಿದ ಮೇಲೂ, ವೇದಿಕೆ ಹತ್ತಿದರು. ಇದನ್ನು ನನಗೆ ಸಮಾಧಾನವಾಗಲೆಂದು ಸೋದರಳಿಯ ಹೇಳಿದ. ನಾನು ಗಂಗೂಬಾಯಿಯಲ್ಲವಲ್ಲ ಎಂದೆ. ಅವರದು ಒಂದೇ ಏಟಿಗೆ ಮುರಿದು ಕೂಡಿಕೊಂಡ ದನಿ. ನನ್ನದು ಸವೆಯುತ್ತಿರುವ ದನಿ. ಮುರಿದದ್ದು ಗೊತ್ತಾಗುತ್ತದೆ. ಸವೆದದ್ದು ಯಾರೋ ಪುಸ್ತಕದಲ್ಲಿ ಬರೆದಿಟ್ಟರೆ ಮಾತ್ರ ಗೊತ್ತಾಗುವುದು.

ಪುಸ್ತಕದಲ್ಲಿ ಅವ್ವನ ಸಾಲೂ ಇದೆ. ‘ಬಿಳಿ 5’, ‘ಬಿಳಿ 4’, ‘ಬಿಳಿ 3’. ಅದರ ಮುಂದೆ ಏನೂ ಇಲ್ಲ. ಬೇರೆಯವರ ಶ್ರುತಿಗೆ ಗೀಟು ಹಾಕಿ ಮುಂದಿನದನ್ನು ಬರೆದಿದ್ದಾರೆ. ತೀರಿಹೋದವರ ಕೊನೆಯ ಶ್ರುತಿಗೆ ಮಾವ ಗೀಟು ಹಾಕಿಲ್ಲ.

ಕೊಡವರ ಹಾಡಿನ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗದು. ನಮ್ಮದು ಅರೆಭಾಷೆಯ ಮನೆ, ಬೇಲಿಯಾಚೆಯದು ಕೊಡವರ ಮನೆ. ಹಬ್ಬಕ್ಕೂ ಸಾವಿಗೂ ಹೋಗಿಬರುವವರು ನಾವು. ಅವರ ದುಡಿಕೊಟ್ಟ್ ಪಾಟ್‌ನಲ್ಲಿ ನಾಲ್ವರು ದುಡಿ ಬಡಿಯುತ್ತ ಹಾಡುತ್ತಾರೆ. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ಇದು ಬೇಸರದ ಸಂಗತಿಯಾಗಿತ್ತು: ಎಲ್ಲವನ್ನೂ ಎರಡೆರಡು ಸಲ ಏಕೆ ಹೇಳಬೇಕು? ಈಗ ಉಸಿರು ಗಿಡ್ಡವಾದ ಮೇಲೆ ಅದರ ಜಾಣತನ ತಿಳಿಯುತ್ತಿದೆ. ಆ ಇಬ್ಬರು ಹಾಡುವಾಗ ಈ ಇಬ್ಬರಿಗೆ ವಿಶ್ರಾಂತಿ, ಮುಂದಿನ ಸಾಲು ನೆನಪಿಸಿಕೊಳ್ಳಲು ಪುರುಸೊತ್ತು. ಇಡೀ ಇರುಳು ಹಾಡಬೇಕಾದ ಎಪ್ಪತ್ತರ ಮುದುಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರೋ ಇದನ್ನು ಕಟ್ಟಿರಬೇಕು. ನಮ್ಮ ಸೋಬಾನೆಯೂ ಹಾಗೆಯೇ. ಒಬ್ಬಳು ಹೇಳಿಕೊಡುತ್ತಾಳೆ, ಉಳಿದವರು ‘ಸೋಬಾನೆ’ ಎಂದು ಸೇರಿಸುತ್ತಾರೆ. ಹೇಳಿಕೊಡುವವಳಿಗೆ ಬೇಕಾದದ್ದು ನೆನಪು. ಎತ್ತರಕ್ಕೆ ಹೋಗುವ ಕೆಲಸವನ್ನು ಹುಡುಗಿಯರು ನೋಡಿಕೊಳ್ಳುತ್ತಾರೆ. ಅಜ್ಜಿಯ ಹಿಂದೆ ಟೇಪಿನಲ್ಲಿ ಕೇಳುವ ಆ ಗುಂಪಿನಲ್ಲಿ ಅವ್ವ ಇದ್ದಾರೆ, ಮದುಮಗಳನ್ನು ಬಿಟ್ಟು ಊರಿನ ಹೆಣ್ಣುಮಕ್ಕಳೆಲ್ಲ ಇದ್ದಾರೆ, ನಾನೂ ಇದ್ದೇನೆ. ಯಾವುದು ನನ್ನ ದನಿ ಎಂದು ಎಷ್ಟು ಕೇಳಿದರೂ ತಿಳಿಯಲಿಲ್ಲ.

ಆ ಕೊಡವ ಹಾಡುಗಳ ಆರಂಭದ ‘ಬಾಳೋ ಬಾಳೋ’ ಒಂದು ಹರಕೆ. ಬಾಳು, ಬಾಳು ಎಂದು. ಮದುವೆಯಲ್ಲೂ ಹುತ್ತರಿಯಲ್ಲೂ ಊರು ಸೇರುವ ಬಯಲಾದ ಮಂದಿನಲ್ಲೂ ಅದೇ. ನಮ್ಮಲ್ಲೂ ಕಾಲಿಗೆ ಬಿದ್ದವರಿಗೆಲ್ಲ ನೂರು ವರ್ಷ ಬಾಳು ಎನ್ನುತ್ತೇವೆ. ಹರಸುವಾಗ ಯಾರೂ ಅದರ ಲೆಕ್ಕ ಹಾಕುವುದಿಲ್ಲ. ಇಪ್ಪತ್ತರವಳಿಗೆ ನೂರು ವರ್ಷ ಬಾಳು ಎಂದರೆ ಅದರಲ್ಲಿ ನಲವತ್ತು ವರ್ಷ ಮುದುಕಿಯಾಗಿ ಬಾಳು ಎಂದೂ ಹೇಳಿದ ಹಾಗೆ ತಾನೆ! ಆ ನಲವತ್ತಕ್ಕೆ ಹಾಡಿಲ್ಲ. ತೊಟ್ಟಿಲಿಗೆ ಹಾಡಿದೆ, ಧಾರೆಗೆ ಹಾಡಿದೆ, ನಾಟಿಗೆ ಇತ್ತು (ಗದ್ದೆಗಳನ್ನು ಪಾಳು ಬಿಟ್ಟ ಮೇಲೆ ಅದೂ ಹೋಯಿತು), ಸುಗ್ಗಿಗೆ ಇದೆ. ತುಂಬು ಬಾಳು ಬಾಳಿ ಹೋದವರಿಗೆ ಕೊಡವರಲ್ಲಿ ಚಾವು ಪಾಟ್ ಇದೆ. ಹೆಣದ ಪಕ್ಕದಲ್ಲಿ ಕುಳಿತು ಹೋದವರ ಬದುಕನ್ನೇ ಹಾಡಾಗಿ ಹೇಳುತ್ತಾರೆ. ಬೇಲಿಯಾಚೆಯ ಮನೆಯ ಹಿರಿಯರು ತೀರಿಕೊಂಡಾಗ ಅಂಗಳದ ಮೂಲೆಯಲ್ಲಿ ನಿಂತು ಕೇಳಿದ್ದೇನೆ. ಬಿಡಿಸಿ ಅರ್ಥವಾಗಿದ್ದು ಅರ್ಧ. ಆದರೆ ಹಾಡುತ್ತಿದ್ದ ನಾಲ್ವರಲ್ಲಿ ಒಬ್ಬರು ತೀರಿಕೊಂಡವರಿಗಿಂತ ಹಿರಿಯರು ಎಂಬುದು ಮಾತ್ರ ಎದ್ದು ಕಾಣುತ್ತಿತ್ತು. ತನಗೆ ಮುಂದೆ ಯಾರು ಹಾಡುತ್ತಾರೆ ಎಂದು ಅವರು ಯೋಚಿಸಿದ್ದಾರೋ ಏನೋ. ನಾನಂತೂ ಯೋಚಿಸಿದೆ.

ನಡಿಕೇರಿಯಂಡ ಚಿಣ್ಣಪ್ಪನವರು ಆ ಹಾಡುಗಳನ್ನೆಲ್ಲ ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದರು. ಇಂದಿಗೂ ಹಾಡುವವರಿಗೆ ಸಾಲು ಮರೆತರೆ ಅದೇ ಗತಿ. ನನಗೆ ಆ ಪುಸ್ತಕದ ಮೇಲೆ ಭಕ್ತಿಯಿದೆ. ಜೊತೆಗೆ ಒಂದು ಹುಚ್ಚು ಆಸೆಯೂ ಇದೆ: ಅವರಿಗೆ ಹಾಡಿ ಬರೆಸಿದ ಮುದುಕರ ದನಿ ಹೇಗಿತ್ತು, ಯಾರ ಉಸಿರು ಎಲ್ಲಿ ಕಡಿಯುತ್ತಿತ್ತು ಎಂದು ಕೇಳಬೇಕು. ಅಚ್ಚಿನಲ್ಲಿ ಸಾಲುಗಳಿಗೆ ವಯಸ್ಸಿಲ್ಲ. ಅದಕ್ಕಿಂತ ಮೊದಲೇ, 1906ರಲ್ಲಿ, ಹರದಾಸ ಅಪ್ಪಚ್ಚಕವಿಗಳು ಕೊಡವ ಭಾಷೆಯ ಮೊದಲ ನಾಟಕವನ್ನು ಬರೆದರು. ಇರುವ ಪುರಾಣಗಳನ್ನೆಲ್ಲ ಬಿಟ್ಟು ಅವರು ಎತ್ತಿಕೊಂಡದ್ದು ಯಯಾತಿಯನ್ನು, ತನ್ನ ಮುಪ್ಪನ್ನು ಮಗನಿಗೆ ಕೊಟ್ಟು ಅವನ ಹರೆಯವನ್ನು ಬೇಡಿದ ರಾಜನನ್ನು. ಆಗ ಕವಿಗೆ ನಲವತ್ತೂ ತುಂಬಿರಲಿಲ್ಲ. ನನಗೆ ಯಯಾತಿಯಷ್ಟು ಆಸೆಯಿಲ್ಲ. ಮಂಡಿ ಹೀಗೆಯೇ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಚರಣದ ಆ ಎರಡು ಮೇಲಿನ ಸ್ವರಗಳನ್ನು ಮಾತ್ರ ಯಾರಾದರೂ ಶುಕ್ರವಾರದ ಮಟ್ಟಿಗೆ ಸಾಲ ಕೊಟ್ಟರೆ ಸಾಕಿತ್ತು.

ಸೋದರಳಿಯ ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ ಮಾವ ಮತ್ತೆ ಬಂದರು, ಪುಸ್ತಕ ವಾಪಸು ಪಡೆಯಲು. ಬೆಲ್ಲದ ಕಾಫಿ ಕುಡಿದರು. ಟೇಪನ್ನು ಇನ್ನೊಮ್ಮೆ ಕೇಳೋಣ ಎಂದರು. ಅಜ್ಜಿಯ ಸೋಬಾನೆ ಶುರುವಾಯಿತು. ಹೆಣ್ಣನ್ನು ಹೊಸಿಲು ದಾಟಿಸಿ ಒಪ್ಪಿಸಿಕೊಡುವ ಹಾಡು. ಎಣ್ಣೆ ಹಚ್ಚಿ ಬಾಚಿದ ತಲೆ, ಹಿತ್ತಿಲಿನ ಬಾವಿ, ಕರು ಕಟ್ಟುವ ಗೂಟ ಎಂದು ಅಜ್ಜಿ ಒಂದೊಂದನ್ನೇ ಬಿಟ್ಟುಕೊಡುತ್ತ ಬಂದರು. ತಾಯಿಯ ಮಾತು ಬರಬೇಕಾದ ಕಡೆ ಟಕ್ ಎಂದು ಸದ್ದಾಗಿ ನಿಂತಿತು. ಕ್ಯಾಸೆಟ್ಟಿನ ಆ ಮಗ್ಗುಲು ಮುಗಿದಿತ್ತು. ತಿರುಗಿಸಿದರೆ ಇನ್ನೊಂದು ಮಗ್ಗುಲಿನಲ್ಲಿ ವಾಲಗ.

“ಇದರ ಮುಂದಿನದು?” ಎಂದ ಸೋದರಳಿಯ.

ತಮ್ಮನಿಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ, ಸೋಬಾನೆ ಹೆಂಗಸರದ್ದು, ಹಾರ್ಮೋನಿಯಂ ಇಲ್ಲದ್ದು. ಅದನ್ನು ಪೂರ್ತಿ ಬಲ್ಲ ಅವ್ವ ಬಿಳಿ ಮೂರಕ್ಕೆ ನಿಂತುಬಿಟ್ಟಿದ್ದಾರೆ. ನನಗೆ ಗೊತ್ತಿತ್ತು. ಇಷ್ಟು ವರ್ಷ ಗುಂಪಿನಲ್ಲಿ ‘ಸೋಬಾನೆ’ ಎಂದು ಸೇರಿಸಿದ್ದೆನೇ ಹೊರತು ಮುಂದೆ ನಿಂತು ಹೇಳಿಕೊಟ್ಟವಳಲ್ಲ, ಆದರೂ ಗೊತ್ತಿತ್ತು. ಮೊಬೈಲನ್ನು ಎದುರಿಗೆ ಇಟ್ಟು ಸೋದರಳಿಯ ಗುಂಡಿ ಒತ್ತಿದ. ನಾನು ಸೆರಗು ಸರಿಮಾಡಿಕೊಂಡೆ.

ಮಾವ ಕೇಳದೆಯೇ ಹಾರ್ಮೋನಿಯಂ ಎಳೆದುಕೊಂಡು ಶ್ರುತಿ ಹಿಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಅವರ ಬೆರಳು ಬಿಳಿ ನಾಲ್ಕರ ಮೇಲಿತ್ತು. ಉಸಿರು ತೆಗೆದುಕೊಂಡು ತಾಯಿಯ ಮಾತಿಗೆ ಬಾಯಿ ತೆರೆದೆ. ಅವರು ಒಮ್ಮೆ ನನ್ನ ಮುಖ ನೋಡಿದರು. ಬೆರಳು ಮೆಲ್ಲಗೆ ಪಕ್ಕದ ಮನೆಗೆ ಸರಿಯಿತು.